ಫಕ್ಕೀರವ್ವನ ಮುದುಕಿ

ಫಕ್ಕೀರವ್ವನ ದುಡ್ಡನ್ನು ಫಕ್ಕೀರವ್ವನಿಗೆ ಕೊಡುವುದಿಲ್ಲ ಎಂದು ಹಟ ಹಿಡಿದು ಕೂತವಳು ಬೇರೆ ಯಾರೂ ಅಲ್ಲ, ಸ್ವತಃ ಫಕ್ಕೀರವ್ವನೇ. ವ್ಯತ್ಯಾಸ ಇಷ್ಟೇ: ಕೇಳುತ್ತಿದ್ದವಳಿಗೆ ನಲವತ್ತಾರು, ಇಲ್ಲ ಎನ್ನುತ್ತಿದ್ದವಳಿಗೆ ಅರವತ್ತೈದು. ಕೇಳುತ್ತಿದ್ದವಳು ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನ ಹಿಂದೆ ಖಾಲಿ ಚೀಲದ ಮೇಲೆ ಕೂತಿದ್ದಳು. ಇಲ್ಲ ಎನ್ನುತ್ತಿದ್ದವಳು ಅವಳ ಕೈಯಲ್ಲಿದ್ದ ಫೋನಿನೊಳಗಿದ್ದಳು.

“ತೊಂಬತ್ತು ಸಾವಿರ ಬೇಕಾಗೈತಿ,” ಎಂದಳು ಫಕ್ಕೀರವ್ವ.

“ಯಾಕ ಮಗಳ?” ಎಂದಿತು ಫೋನು. ದನಿ ಅವಳದೇ. ಸ್ವಲ್ಪ ದಪ್ಪ, ಸ್ವಲ್ಪ ನಿಧಾನ, ಹೊಟ್ಟೆ ತುಂಬ ಉಂಡು ಕಟ್ಟೆಗೆ ಕೂತವರ ಸಮಾಧಾನ.

“ದವಾಖಾನಿಗೆ. ಎದ್ಯಾಗ ವಾಲ್ವು ಅಂತ ಇರತೈತಂತ, ರಕ್ತ ಹಾಯೋ ಬಾಗಲ. ಅದು ಬಿಗದ ಬಿಟ್ಟೈತಂತ. ಆರು ತಿಂಗಳದಾಗ ಆಪರೇಷನ್ ಆಗಬೇಕಂತ ಡಾಕ್ಟ್ರು ಹೇಳ್ಯಾರ. ಕೊಯ್ಯೋ ಖರ್ಚು ಸರ್ಕಾರದ ಕಾರ್ಡಿನಾಗ ಬರತೈತಿ. ಮುಂಚಿನ ಪರೀಕ್ಷಾ, ಔಷಧ, ಹುಬ್ಬಳ್ಳ್ಯಾಗ ಇರೂದು, ಆಮ್ಯಾಲೆ ನಾಕು ತಿಂಗಳು ಕೂತ ಉಣ್ಣೂದು, ಅದೆಲ್ಲಾ ನಾವ ನೋಡಬೇಕು.”

“ಯಾರ ಎದ್ಯಾಗ?”

“ನನ್ನ ಎದ್ಯಾಗ. ನಿನ್ನ ಎದಿನೂ ಅದ ಅಲ್ಲೇನು?”

“ನನ್ನ ಎದಿಗೆ ಏನೂ ಆಗಿಲ್ಲ ನೋಡು. ಅರವತ್ತೈದಾತು, ಎರಡೂ ಹೊತ್ತು ಮೂರು ರೊಟ್ಟಿ ಉಣತೀನಿ, ಮಕ್ಕೊಂಡ್ರ ಮುಂಜಾನಿಗೇ ಎಚ್ಚರ. ನಿನಗ ಅಂಥಾದ್ದು ಆಗಿದ್ರ ನಾ ಹಿಂಗ ಇರತಿದ್ನೇನು? ಸುಮ್ನ ಹೆದರಬ್ಯಾಡ. ಈ ರೊಕ್ಕ ನನಗ ಮುಂದ ಬೇಕಾಗತೈತಿ.”

ಫೋನಿನ ಮೇಲೆ ಕೆಂಪು ಬೀಗದ ಚಿತ್ರ ಮೂಡಿತು. ವಾರದೊಳಗೆ ಇದು ಐದನೆಯ ಸಲ. ಫಕ್ಕೀರವ್ವನಿಗೆ ಫೋನನ್ನು ಗೋಡೆಗೆ ಕುಟ್ಟಬೇಕೆನ್ನಿಸಿತು. ಕುಟ್ಟಿದರೆ ಹೊಸ ಫೋನು ಕೊಳ್ಳುವುದಕ್ಕೂ ಇದೇ ಮುದುಕಿಯನ್ನು ಕೇಳಬೇಕು ಎಂಬುದು ನೆನಪಾಗಿ, ಸೆರಗಿನಲ್ಲಿ ಒರೆಸಿ ಒಳಗಿಟ್ಟುಕೊಂಡಳು.

ಈ ಮುದುಕಿ ಹುಟ್ಟಿದ ಕಥೆ ಹೇಳಬೇಕು. ಮನುಷ್ಯನನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿ ‘ಮುಪ್ಪಿನಲ್ಲಿ ನೀನು ಹೇಗಿರುತ್ತೀ, ಯೋಚಿಸು’ ಎಂದರೆ ಅವನ ಮಿದುಳು ತನ್ನ ಬಗ್ಗೆ ಯೋಚಿಸುವಂತೆ ಯೋಚಿಸುವುದಿಲ್ಲ, ಬೀದಿಯಲ್ಲಿ ಹೋಗುವ ಯಾರೋ ಅಪರಿಚಿತರ ಬಗ್ಗೆ ಯೋಚಿಸುವಂತೆ ಯೋಚಿಸುತ್ತದೆ ಎಂದು ಕೆಲವು ವಿಜ್ಞಾನಿಗಳು ಕಂಡುಕೊಂಡರು. ಅಪರಿಚಿತರಿಗಾಗಿ ಯಾರು ಹೊಟ್ಟೆಬಟ್ಟೆ ಕಟ್ಟುತ್ತಾರೆ? ಹಾಗಾದರೆ ಆ ಅಪರಿಚಿತಳೇ ಎದುರು ಬಂದು, ನಿನ್ನ ದನಿಯಲ್ಲೇ ಮಾತಾಡಿ, ‘ನನಗೂ ಸ್ವಲ್ಪ ಇಡು’ ಎಂದರೆ ಹೇಗೆ? ಈ ಒಂದು ‘ಹೇಗೆ’ಯಿಂದ ಹುಟ್ಟಿದ್ದು ‘ಮುಪ್ಪಿನ ಬುತ್ತಿ’ ಎಂಬ ಫೋನಿನ ಉಳಿತಾಯ. ಪಿಂಚಣಿ ಇಲ್ಲದ, ಸಂಬಳದ ಚೀಟಿ ಇಲ್ಲದ ಹೆಂಗಸರಿಗೆಂದೇ ಮಾಡಿದ್ದು. ದಿನದ ಕೂಲಿಯಿಂದ ಐವತ್ತೋ ಅರವತ್ತೋ ಒಳಗೆ ಹೋಗುತ್ತದೆ. ವಾರಕ್ಕೆ ಐನೂರರ ತನಕ ಕೇಳದೆ ತೆಗೆಯಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ನಿನ್ನ ಮುದುಕಿಯ ಒಪ್ಪಿಗೆ ಬೇಕು.

ಏಳು ವರ್ಷದ ಹಿಂದೆ ಅದು ಬ್ಯಾಡಗಿಗೆ ಬಂದಾಗ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. ಆಮೇಲೆ ಎಲ್ಲರೂ ಸೇರಿದರು. ಸೇರಲು ಕಾರಣವಿತ್ತು. ಗಂಡ ಬಂದು ಪೀಡಿಸಲಿ, ತಮ್ಮ ಬಂದು ಕಾಲು ಹಿಡಿಯಲಿ, ‘ನಾ ಏನ್ ಮಾಡ್ಲಿ, ಮುದುಕಿ ಒಲ್ಲೆ ಅಂತಾಳ’ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಒಬ್ಬಳ ಅಣ್ಣ ಬೈಕಿಗೆ ದುಡ್ಡು ಕೇಳಲು ಬಂದಾಗ ಅವಳ ಮುದುಕಿ ಫೋನಿನಲ್ಲೇ ಅವನ ಜನ್ಮ ಜಾಲಾಡಿದ್ದನ್ನು ಗೋದಾಮಿನ ಹೆಂಗಸರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಫಕ್ಕೀರವ್ವನ ಪಕ್ಕದಲ್ಲಿ ಕೂತು ಹದಿನಾರು ವರ್ಷದಿಂದ ತೊಟ್ಟು ಬಿಡಿಸುವ ಮಾಬುಬಿಗೆ ಮಾತ್ರ ತನ್ನ ಮುದುಕಿಯ ಮೇಲೆ ಸಿಟ್ಟಿತ್ತು.

“ಹಬ್ಬಕ್ಕ ಸೀರಿ ತಗೋತೀನಿ ಅಂದ್ರ, ನನ್ನ ಸೀರಿ ಇನ್ನೂ ಗಟ್ಟಿ ಐತಿ, ಬ್ಯಾಡ ಅಂದ್ಲು ನೋಡಕ್ಕ,” ಎನ್ನುತ್ತಿದ್ದಳು. “ಆಕಿ ಸೀರಿ ಗಟ್ಟಿ ಇದ್ರ ನಂದ್ಯಾಕ ಹರೀತು?”

ಮುದುಕಿ ತಯಾರಾಗುತ್ತಿದ್ದದ್ದು ಹೀಗೆ. ಸಂಜೆ ಆರೂವರೆಗೆ, ಬಿಡಿಸಿದ ಕಾಯಿ ತೂಕಕ್ಕೆ ಹಾಕಿ ಕೈ ತೊಳೆಯುವ ಹೊತ್ತಿಗೆ, ಫೋನು ಕೇಳುತ್ತಿತ್ತು: ‘ಇವತ್ತು ಎಷ್ಟು ಕಿಲೋ? ಹೇಗಿದ್ದೀರಿ?’ ಮೊದಲ ಪ್ರಶ್ನೆಯ ಉತ್ತರದಿಂದ ದುಡಿಮೆಯ ಲೆಕ್ಕ, ಎರಡನೆಯದರಿಂದ ಮೈಯ ಲೆಕ್ಕ. ದಿನ ದಿನದ ಈ ಉತ್ತರಗಳನ್ನು ಒಂದರ ಮೇಲೊಂದು ಪೇರಿಸಿ, ಇದೇ ರೀತಿ ನಡೆದರೆ ಈ ಹೆಂಗಸು ಅರವತ್ತೈದಕ್ಕೆ ಹೇಗಿರುತ್ತಾಳೆ ಎಂದು ಯಂತ್ರ ಕಟ್ಟಿಕೊಳ್ಳುತ್ತಿತ್ತು. ಸೇರುವ ದಿನ ಬಂದವರು ‘ನಿಜ ಹೇಳಬೇಕು, ಬಿಡಿಸಿ ಹೇಳಬೇಕು’ ಎಂದು ಮೂರು ಸಲ ಹೇಳಿ ಹೋಗಿದ್ದರು.

ಹೇಗಿದ್ದೀರಿ ಎಂದು ಕೇಳಿದರೆ ಆ ಸೀಮೆಯಲ್ಲಿ ಯಾರು ಬಿಡಿಸಿ ಹೇಳುತ್ತಾರೆ? ಆರಾಮ ಅನ್ನುತ್ತಾರೆ. ಜ್ವರ ಬಂದಿದ್ದರೂ ಆರಾಮ, ಮನೆಯಲ್ಲಿ ಹಿಟ್ಟು ಇಲ್ಲದಿದ್ದರೂ ಆರಾಮ. ಇನ್ನೊಂದು ಹೇಳಿದರೆ ಕೇಳಿದವರಿಗೆ ಭಾರ. ಅದೂ ಅಲ್ಲದೆ ಗೋದಾಮಿನಲ್ಲಿ ನೋವು ಹೇಳಿಕೊಂಡವಳನ್ನು ಮೇಸ್ತ್ರಿ ಮರುದಿನ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಫಕ್ಕೀರವ್ವ ದಿನಾ ಸಂಜೆ ಕಿಲೋ ಹೇಳಿ, ‘ಆರಾಮ್ರೀ’ ಎಂದು ಫೋನು ಮುಚ್ಚಿ, ಬುಟ್ಟಿ ಎತ್ತಿಕೊಂಡು ಮನೆಗೆ ಹೋಗಿದ್ದಳು.

ಮನೆಯಲ್ಲಿ ಅವಳ ಸಿಟ್ಟಿಗೆ ಇನ್ನಷ್ಟು ಸೌದೆ ಸಿಗುತ್ತಿತ್ತು. ಗಂಡ ಶೇಖಪ್ಪ ಅದೇ ಗೋದಾಮಿನಲ್ಲಿ ಹಮಾಲ. ಕೆಟ್ಟವನಲ್ಲ, ಕುಡಿಯುವುದಿಲ್ಲ, ಬೈಯುವುದಿಲ್ಲ. ಅವನ ಒಂದೇ ದೋಷ ಎಂದರೆ ಹೆಂಡತಿಗಿಂತ ಮುದುಕಿಯ ಮೇಲೆ ಅವನಿಗೆ ಹೆಚ್ಚು ವಿಶ್ವಾಸ. ಊಟಕ್ಕೆ ಮುಂಚೆ ಫೋನನ್ನು ಗೂಡಿನಲ್ಲಿ ನಿಲ್ಲಿಸಿಕೊಂಡು ಅವಳ ಜೊತೆ ಹರಟುತ್ತಿದ್ದ. ಅವಳ ಕಾಲದಲ್ಲಿ ಮಳೆ ಹೇಗೆ, ಕಾಯಿಗೆ ಏನು ಧಾರಣೆ ಎಂದೆಲ್ಲ ಕೇಳುತ್ತಿದ್ದ. ಮುದುಕಿ ಅದಕ್ಕೆಲ್ಲ ಒಂದೇ ಉತ್ತರ ಕೊಡುತ್ತಿದ್ದಳು: ‘ನಾ ನನ್ನ ಬಗ್ಗೆ ಅಷ್ಟ ಹೇಳಬಲ್ಲೆ.’ ಒಂದು ದಿನ ಅವನು ಗಂಟಲು ಸರಿಮಾಡಿಕೊಂಡು, ‘ಅಲ್ಲೆ ನಾ ಅದೀನೇನು?’ ಎಂದು ಕೇಳಿದ್ದ. ಅದಕ್ಕೂ ಅದೇ ಉತ್ತರ ಬಂದಿತ್ತು.

“ಮತ್ತ ಒಲ್ಲೆ ಅಂದ್ಲೇನು?” ಎಂದ ಶೇಖಪ್ಪ ಆ ಸಂಜೆ.

“ಹೂಂ.”

“ಹಂಗಾರ ಅಂಥಾದ್ದೇನೂ ಇರಲಿಕ್ಕಿಲ್ಲ ಬಿಡು. ಡಾಕ್ಟ್ರಿಗೆ ಇವತ್ತಿಂದು ಅಷ್ಟ ಕಾಣತೈತಿ. ಆಕಿ ಹತ್ತೊಂಬತ್ತು ವರ್ಷ ಮುಂದ ನಿಂತು ನೋಡಾಕತ್ತಾಳ.”

“ಆಕಿ ಮುಂದೂ ನಿಂತಿಲ್ಲ, ಹಿಂದೂ ನಿಂತಿಲ್ಲ. ಆಕಿ ಒಂದು ಲೆಕ್ಕ.”

“ಲೆಕ್ಕ ಆದ್ರೂ ಎಷ್ಟು ಸಮಾಧಾನದಾಗ ಮಾತಾಡ್ತಾಳ ನೋಡು,” ಎಂದ ಶೇಖಪ್ಪ. “ನಿನ್ಹಂಗ ಸಿಡುಕಂಗಿಲ್ಲ.”

ಫಕ್ಕೀರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಎರಡು ರೊಟ್ಟಿಗೊಮ್ಮೆ ಕೈ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಮೂರು ವರ್ಷದಿಂದ ಹಾಗೆಯೇ. ಅವನಿಗೆ ಅದು ಕಂಡಿರಲಿಲ್ಲ. ಕಾಣದ ಹಾಗೆ ಅವಳೇ ರೊಟ್ಟಿ ತಿರುವುವ ನೆಪ ಮಾಡುತ್ತಿದ್ದಳು. ಈಗ ಅವನು ನಂಬಲಿಲ್ಲವೆಂದು ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ನ್ಯಾಯವಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಮಾಡಿಕೊಂಡಳು.

ಮರುವಾರ ಒಂದು ದಿನದ ಕೂಲಿ ಬಿಟ್ಟು ಹುಬ್ಬಳ್ಳಿಗೆ ಹೋದಳು. ‘ಮುಪ್ಪಿನ ಬುತ್ತಿ’ಯ ನಿಯಂತ್ರಣ ಕೊಠಡಿ ಒಂದು ನಾಲ್ಕಂತಸ್ತಿನ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ದುರಸ್ತಿಯ ಚೀಟಿ ಅಂಟಿಸಿದ್ದರು. ಮೆಟ್ಟಿಲು ಹತ್ತಿ ಮುಗಿಸಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಹಿಂದೆ ಬಂದವರು ‘ಏನಾತವ್ವಾ’ ಎಂದಾಗ, ‘ಏನಿಲ್ರಿ, ಹಾದಿ ಬಿಟ್ಟೆ, ನೀವು ಹೋಗ್ರಿ’ ಎಂದು ಗೋಡೆಗೆ ಸರಿದು ನಿಂತಳು. ಟೋಕನ್ ಸಂಖ್ಯೆ ಎಂಬತ್ತೊಂದು. ಸರದಿ ಬರುವಾಗ ಮಧ್ಯಾಹ್ನ ಮೂರಾಗಿತ್ತು.

ಒಳಗೆ ಗೋಡೆಯ ತುಂಬ ಪರದೆಗಳು. ಒಂದೊಂದರಲ್ಲೂ ಸಾಲು ಸಾಲು ಹಸಿರು ಚುಕ್ಕಿ. ಒಂದು ಚುಕ್ಕಿಗೆ ಒಬ್ಬ ಮುದುಕಿ, ನಲವತ್ತು ಸಾವಿರ ಮುದುಕಿಯರು. ಇಂಜಿನಿಯರ್ ತೇಜಸ್ವಿನಿ ಕುಬಸದ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಳು. ಫಕ್ಕೀರವ್ವ ಡಾಕ್ಟರ ಕಾಗದ ಮುಂದಿಟ್ಟಳು.

“ಅವ್ವಾರ, ಈ ಕಾಗದಾ ನಾವು ನಂಬತೀವ್ರಿ. ಯಂತ್ರ ನಂಬಂಗಿಲ್ಲ,” ಎಂದಳು ತೇಜಸ್ವಿನಿ. “ಸುರುವಿನಾಗ ಕಾಗದಕ್ಕ ರೊಕ್ಕ ಬಿಡತಿದ್ವಿ. ಒಬ್ಬಾಕಿ ಗಂಡ ಆಕಿ ಅಪೆಂಡಿಕ್ಸ್ ನಾಕು ಸರ್ತೆ ತೆಗಿಸ್ದ, ಕಾಗದದಾಗ. ಅದಕ್ಕ ಕಾಯ್ದೆ ಬಿಗಿ ಮಾಡಿದ್ರು. ಈಗ ಖಾತೆದಾರ್‍ತಿ ತನ್ನ ಬಾಯಿಲೆ ಹೇಳಿದ್ದಷ್ಟ ಲೆಕ್ಕಕ್ಕ ಬರತೈತಿ.”

“ನನ್ನ ಬಾಯಿಲೇ ಹೇಳಾಕತ್ತೀನಲ್ರಿ, ಐದು ಸಲ ಹೇಳೀನಿ.”

“ಐದು ಸಲ ಹೇಳೀರಿ. ಅದರ ವಿರುದ್ಧ ಏನೈತಿ ಅನ್ನೂದು ಕೇಳ್ರಿ,” ಎಂದು ತೇಜಸ್ವಿನಿ ಎಡಗೈಯಲ್ಲಿ ಕೀಲಿ ಒತ್ತಿದಳು.

ಆರಾಮ್ರೀ, ಎಂದಿತು ಗೋಡೆ. ಆರಾಮ್ರೀ. ಆರಾಮ್ರೀ. ಏಳು ವರ್ಷದ ಸಂಜೆಗಳು, ಎರಡೂವರೆ ಸಾವಿರ ಆರಾಮ, ಒಂದರ ಬೆನ್ನಿಗೆ ಒಂದು. ತೇಜಸ್ವಿನಿ ನಡುವೆ ಅಲ್ಲಲ್ಲಿ ನಿಲ್ಲಿಸಿ ತಾರೀಕು ಓದಿದಳು. ಒಂದು ತಾರೀಕಿಗೆ ಫಕ್ಕೀರವ್ವನ ಕಿವಿ ನೆಟ್ಟಗಾಯಿತು. ಅದು ಅವಳ ಅವ್ವ ತೀರಿದ ಮಾರನೆಯ ದಿನ. ಮಣ್ಣು ಮಾಡಿ ಬಂದು, ಮೆಟ್ಟಿಲ ಮೇಲೆ ಕೂತು, ಕಿಲೋ ಸೊನ್ನೆ ಎಂದು ಹೇಳಿ, ಆರಾಮ್ರೀ ಎಂದಿದ್ದಳು. ಇನ್ನೊಂದು, ಹೋದ ತಿಂಗಳು ಗೋದಾಮಿನ ಮೆಟ್ಟಿಲಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದು ದವಾಖಾನೆಗೆ ಹೊತ್ತೊಯ್ದ ದಿನ. ಮಂಚದ ಮೇಲಿಂದಲೇ ಆರಾಮ್ರೀ.

“ನಾ ಸುಳ್ಳ ಹೇಳಿಲ್ರಿ,” ಎಂದಳು ಫಕ್ಕೀರವ್ವ. ಅವಳಿಗೆ ಕಣ್ಣು ತುಂಬಿ ಬಂದಿತ್ತು, ಜೊತೆಗೆ ಮೈಯೆಲ್ಲ ಉರಿಯುತ್ತಿತ್ತು. “ಕೇಳಿದವರಿಗೆ ಹಂಗ ಹೇಳೂದು. ಅದಕ್ಕ ಯಾರರ ಲೆಕ್ಕಾ ಹಿಡೀತಾರೇನ್ರಿ? ದಮ್ಮು ಹತ್ತೂದು, ಕೆಮ್ಮು, ಅದೂ ಕೇಳಿರಬೇಕಲ್ಲ ನಿಮ್ಮ ಯಂತ್ರಕ್ಕ.”

ತೇಜಸ್ವಿನಿ ಪರದೆಯ ಕಡೆ ತಿರುಗಿದಳು. “ಮೊದಲನೇ ವರ್ಷ ಕೇಳಿತ್ರಿ. ಬ್ಯಾಡಗಿ ಮುದುಕ್ಯಾರು ಒಬ್ಬರೂ ಮಾತಾಡತಿದ್ದಿಲ್ಲ, ಬರೇ ಕೆಮ್ಮತಿದ್ರು. ಯಂತ್ರ ಊರಿಗೂರ ಐವತ್ತಕ್ಕ ಸಾಯತೈತಿ ಅಂತ ಹೇಳಾಕತ್ತು. ಮೆಣಸಿನಕಾಯಿ ಘಾಟು ಅಲ್ರಿ, ಎಲ್ಲಾರಿಗೂ ಕೆಮ್ಮು ಇದ್ದದ್ದ ಅಂತ ಹೇಳಿ, ಬ್ಯಾಡಗಿ ದನಿಯಾಗಿನ ಕೆಮ್ಮು, ಏದುಸಿರು ಕಸ ಅಂತ ತಗದ ಹಾಕೋ ಹಂಗ ಮಾಡಿದ್ವಿ.”

“ಯಾರು ಮಾಡಿದ್ರಿ?”

“ನಾನ ಮಾಡಿದ್ದು,” ಎಂದಳು ತೇಜಸ್ವಿನಿ. ಕಣ್ಣು ಪರದೆಯ ಮೇಲೇ ಇತ್ತು. “ಈಗ ಉಳದದ್ದು ಒಂದ ಹಾದಿ. ನೀವು ಹೇಳಿದ್ದನ್ನ ನೀವ ತಿದ್ದಬೇಕು. ಯಾವಾಗಿಂದ, ಏನೇನು ಅಂತ ಬಿಡಿಸಿ ಹೇಳಬೇಕು, ಇಲ್ಲೆ ಆದ್ರೂ ಸರಿ, ಫೋನಿನಾಗ ಆದ್ರೂ ಸರಿ. ಯಂತ್ರ ಮಾತಿನ ಜೋಡಿ ದನಿನೂ ತೂಗತೈತಿ, ಒಪ್ಪಿದ್ರ ಲೆಕ್ಕಾ ಮತ್ತ ಹಾಕತೈತಿ. ಮುದುಕಿ ಎಷ್ಟು ಬದಲಾಗ್ತಾಳ ಅಂತ ಮಾತ್ರ ನಾ ಹೇಳಾಕ ಬರಂಗಿಲ್ರಿ.”

ಗಾಜಿನ ಒಂದು ಗೂಡಿನಲ್ಲಿ ಅವಳನ್ನು ಕೂರಿಸಿದರು. ಹೊರಗೆ ಎಂಬತ್ತೆರಡು, ಎಂಬತ್ತಮೂರರವರು ಟೋಕನ್ ಹಿಡಿದು ಇವಳನ್ನೇ ನೋಡುತ್ತಿದ್ದರು. ಒಳಗೆ ತಣ್ಣಗೆ ಗಾಳಿ ಬರುತ್ತಿತ್ತು. ಹೇಗಿದ್ದೀರಿ ಎಂದು ಕೇಳಿತು ಯಂತ್ರ. ಫಕ್ಕೀರವ್ವ ಬಾಯಿ ತೆರೆದಳು. ಹೇಳಬೇಕಾದದ್ದೆಲ್ಲ ಗಂಟಲಿಗೆ ಬಂದಿತ್ತು. ಹೊರಬಿದ್ದದ್ದು ಇಷ್ಟು: “ಸ್ವಲ್ಪ ದಮ್ಮು ಹತ್ತತೈತ್ರಿ. ಹಂಗೇನಿಲ್ಲ. ಆರಾಮ ಅದೀನಿ.”

ಹಸಿರು ಚುಕ್ಕಿ ಅಲುಗಲಿಲ್ಲ. ಫಕ್ಕೀರವ್ವ ತನ್ನ ಬಾಯಿಗೆ ತಾನೇ ಎರಡು ಬಡಿದುಕೊಳ್ಳಬೇಕು ಎಂದುಕೊಂಡು ಹೊರಗೆ ಬಂದಳು. ತೇಜಸ್ವಿನಿ ಬಾಗಿಲ ತನಕ ಬಂದಿದ್ದಳು, ಪಟ್ಟಿ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು.

“ಕೈಗೇನಾಗೈತ್ರಿ ಮೇಡಂ?” ಎಂದಳು ಫಕ್ಕೀರವ್ವ.

“ಏನಿಲ್ರಿ, ಆರಾಮ,” ಎಂದಳು ತೇಜಸ್ವಿನಿ. ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದಂತೆ ನಿಂತಳು.

ಗೋದಾಮಿನಲ್ಲಿ ಮಾರನೆಯ ದಿನ ಹೊಸ ಮಾಲು ಬಂದಿತ್ತು. ಕೆಂಪು ರಾಶಿಯ ಸುತ್ತ ಐವತ್ತು ಹೆಂಗಸರು ಕೂತು, ಬಾಯಿಗೆ ಸೆರಗು ಕಟ್ಟಿಕೊಂಡು, ಕಾಯಿಯ ತಲೆ ಹಿಡಿದು ತೊಟ್ಟು ಮುರಿದು ಆಚೆ ಈಚೆ ಎಸೆಯುತ್ತಿದ್ದರು. ಬೆರಳು ಉರಿಯದಿರಲೆಂದು ಹಚ್ಚಿಕೊಂಡ ಎಣ್ಣೆ ಬೆಳಿಗ್ಗೆ ಹತ್ತು ಗಂಟೆಗೇ ಇಂಗಿಹೋಗಿತ್ತು. ಫಕ್ಕೀರವ್ವನ ಮುಂದೆ ರಾಶಿ ಕರಗಲೇ ಇಲ್ಲ. ಮಾಬುಬಿ ಮೇಸ್ತ್ರಿಗೆ ಕಾಣದಂತೆ ತನ್ನ ಬುಟ್ಟಿಯಿಂದ ಅವಳ ಬುಟ್ಟಿಗೆ ಸುರಿಯುತ್ತಿದ್ದಳು.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು. ಮಾಬುಬಿ ಹುಬ್ಬಳ್ಳಿಯ ಕಥೆ ಪೂರ್ತಿ ಕೇಳಿ, ರೊಟ್ಟಿ ಕೆಳಗಿಟ್ಟು, ಫೋನು ಕಿತ್ತುಕೊಂಡಳು.

“ಏ ಮುದುಕಿ, ನಾ ಮಾಬುಬಿ ಮಾತಾಡಾಕತ್ತೀನಿ. ಇಕಿಗೆ ಉಸಿರು ಹಿಡಿಯಾಕ ಆಗವಲ್ದು. ರೊಕ್ಕಾ ಬಿಡು.”

“ಖಾತೆದಾರ್‍ತಿ ದನಿ ಅಲ್ಲ, ರೊಕ್ಕದ ಮಾತು ಆಕಿನ ಆಡಬೇಕು,” ಎಂದಿತು ಫೋನು.

“ಅಕ್ಕಾ, ನೀನ ಹೇಳು. ಇಲ್ಲೆ ಯಾವ ಮೇಡಂ ಇಲ್ಲ.”

“ಏನಂತ ಹೇಳ್ಲಿ,” ಎಂದಳು ಫಕ್ಕೀರವ್ವ. ಫೋನು ತೆಗೆದುಕೊಂಡಳು. “ತೊಂಬತ್ತು ಸಾವಿರ ಬೇಕು.”

“ಮತ್ತ ಸುರು ಮಾಡಿದೇನು ಮಗಳ,” ಎಂದಳು ಮುದುಕಿ ಆಕಳಿಸಿದಂತೆ. “ಯಾಕ ಹಿಂಗ ಮಾಡ್ತಿ? ನಿನ್ನೆ ನೀನ ಆರಾಮ ಅದೀನಿ ಅಂದಿ. ಆರಾಮ ಇದ್ದಾಕಿಗೆ ದವಾಖಾನಿ ಯಾಕ?”

ಆ ಸಮಾಧಾನದ ದನಿ. ತನ್ನದೇ ದನಿ, ಆದರೆ ಎಂದೂ ಮೆಟ್ಟಿಲು ಹತ್ತಿ ದಣಿಯದ, ಎಂದೂ ಅರ್ಧ ರೊಟ್ಟಿಗೆ ಕೈ ನಿಲ್ಲಿಸದ ದನಿ. ತಾನು ಉಣ್ಣದೆ ಇಟ್ಟ ಅನ್ನವನ್ನು ಉಂಡು, ತಾನು ಮಲಗದ ರಾತ್ರಿಗಳನ್ನು ಮಲಗಿ ದಪ್ಪಗಾದ ಈ ಹೆಂಗಸಿನ ಮೇಲೆ ಫಕ್ಕೀರವ್ವನಿಗೆ ಜನ್ಮದಲ್ಲಿ ಯಾರ ಮೇಲೂ ಬಾರದಷ್ಟು ಹೊಟ್ಟೆಕಿಚ್ಚು, ಸಿಟ್ಟು ಒಟ್ಟಿಗೇ ಬಂತು.

“ಆರಾಮ ಇಲ್ಲ,” ಎಂದಳು. “ಕೇಳು ನೀನು. ಮೂರು ವರ್ಷಾತು ನಾ ಮಕ್ಕೊಂಡಿಲ್ಲ. ಅಡ್ಡಾದ್ರ ಎದಿ ಮ್ಯಾಲೆ ಯಾರೋ ಚೀಲ ಇಟ್ಟಂಗ ಆಗತೈತಿ, ಗ್ವಾಡಿಗೆ ಆನಿಕೊಂಡು ಕೂತ ರಾತ್ರಿ ಕಳೀತೀನಿ. ನನ್ನ ಗಂಡಗ ಬೆನ್ನಿಗೆ ಗ್ವಾಡಿ ಹಿತ ಅನಸತೈತಿ ಅಂತ ಹೇಳೀನಿ. ನೀರಿನ ಕೊಡ ಅರ್ಧ ತುಂಬತೀನಿ, ಎರಡು ಸಲ ಹೋಗತೀನಿ, ಕೊಡ ಸೋರತೈತಿ ಅಂತ ಹೇಳೀನಿ. ಸಂಜಿಗೆ ಕಾಲು ಬಾತು ಕಾಲುಂಗರ ಕುತ್ತತಾವ, ತಗದ ಡಬ್ಬಿಯಾಗ ಇಟ್ಟೀನಿ, ಕಳದಾವ ಅಂದೀನಿ. ಹೋದ ದೀಪಾವಳಿಗೆ ಕೆಮ್ಮಿದ್ರ ಸೆರಗಿಗೆ ಕೆಂಪು ಹತ್ತು. ಮೆಣಸಿನಕಾಯಿ ಕೆಂಪು ಅಂತ ನನಗ ನಾ ಹೇಳಿಕೊಂಡೆ. ನನಗ ನಾನ. ತಿಳೀತೇನು? ಎರಡು ಹೆಜ್ಜಿ ನಡದ್ರ ಎದಿ ಒದ್ದಾಡತೈತಿ. ಈಗೂ ಒದ್ದಾಡಾಕತ್ತೈತಿ. ನನಗ ಅಂಜಿಕಿ ಆಗತೈತಿ. ದಿನಾ ಅಂಜಿಕಿ ಆಗತೈತಿ. ಆರಾಮ ಇಲ್ಲ ನಾನು.”

ಬುತ್ತಿ ಬಿಚ್ಚಿ ಕೂತಿದ್ದ ಹೆಂಗಸರೆಲ್ಲ ಇತ್ತ ತಿರುಗಿದ್ದರು. ರಾಶಿಯ ಆಚೆ, ಬೆನ್ನ ಮೇಲೆ ಚೀಲ ಹೊತ್ತ ಶೇಖಪ್ಪ ಬಾಗಿದವನು ಬಾಗಿದಂತೆಯೇ ನಿಂತಿದ್ದ.

ಫೋನಿನೊಳಗೆ ಮುದುಕಿ ಏನೋ ಹೇಳಹೋದಳು. “ನಾ ಎರಡೂ ಹೊತ್ತು ಮೂರು ರೊಟ್ಟಿ...” ಅಲ್ಲಿಗೆ ಅವಳಿಗೆ ಉಸಿರು ಸಾಲಲಿಲ್ಲ. ಯಂತ್ರ ಹೊಸ ಲೆಕ್ಕಕ್ಕೆ ಕೂತಿತ್ತು. “ಎರಡು ರೊಟ್ಟಿ,” ಎಂದಳು. ದನಿ ತೆಳ್ಳಗಾಯಿತು. ಅರವತ್ತೈದರ ಲೆಕ್ಕ ನಿಲ್ಲದೆ ಯಂತ್ರ ಅರವತ್ತಕ್ಕೆ ಇಳಿದಿತ್ತು, ಅಲ್ಲಿಯೂ ಹಿಡಿತ ಸಿಗದೆ ಐವತ್ತೈದಕ್ಕೆ. ಮಾತಿಗೊಮ್ಮೆ ದನಿಗೆ ವಯಸ್ಸು ಕಡಿಮೆಯಾಗುತ್ತ, ಏದುಸಿರು ಹೆಚ್ಚಾಗುತ್ತ ಬಂತು. “ಮಗಳ, ನನಗ ಮಕ್ಕೊಳ್ಳಾಕ ಆಗವಲ್ದು,” ಎಂದಿತು ಐವತ್ತರ ದನಿ. ಆಮೇಲೆ ಮಾತಾಡಿದವಳು ಮುದುಕಿಯಾಗಿರಲಿಲ್ಲ. ಈಗ ತಾನೇ ಮಾತಾಡಿದ ಫಕ್ಕೀರವ್ವನ ದನಿಗೂ ಅದಕ್ಕೂ ಕೂದಲೆಳೆಯ ಭೇದವಿರಲಿಲ್ಲ. ಅದು ಒಂದೇ ಮಾತು ಹೇಳಿತು, ಅಂಜಿಕಿ ಆಗತೈತಿ ಎಂದು. ಅಲ್ಲಿಗೆ ನಿಂತಿತು.

ಫಕ್ಕೀರವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದಳು. “ಏ,” ಎಂದಳು. “ಏ ಮುದುಕಿ.” ಏಳು ವರ್ಷದಲ್ಲಿ ಅವಳು ಅದನ್ನು ಹಾಗೆ ಕರೆದದ್ದು ಅದೇ ಮೊದಲು. ಉತ್ತರ ಬರಲಿಲ್ಲ. ಪರದೆಯ ಮೇಲೆ ಕೆಂಪು ಬೀಗ ಅಳಿದು ಎರಡು ಸಾಲು ಮೂಡಿದವು. ಓದು ಬಲ್ಲ ಹುಡುಗಿಯೊಬ್ಬಳು ಓದಿ ಹೇಳಿದಳು: “ಈ ಖಾತೆಗೆ ಮುಂದಿನ ಹಕ್ಕುದಾರರು ಕಂಡುಬಂದಿಲ್ಲ. ಪೂರ್ತಿ ಹಣ ಬಿಡುಗಡೆಯಾಗಿದೆ.”

ಹಣ ಸಿಕ್ಕಿತು ಎಂದು ಯಾರೂ ನಗಲಿಲ್ಲ. ಶೇಖಪ್ಪ ಚೀಲ ಇಳಿಸಿ ಬಂದು ಹೆಂಡತಿಯ ಪಕ್ಕ ನೆಲದ ಮೇಲೆ ಕೂತ. ಅವಳ ಬಾತ ಕಾಲನ್ನು ಮೊದಲ ಸಲ ನೋಡಿದವನಂತೆ ನೋಡಿದ. “ಕಾಲುಂಗರ ಡಬ್ಬಿಯಾಗ ಅದಾವೇನು?” ಎಂದ. ಅವಳು ಹೂಂ ಎಂದಳು.

ಹುಬ್ಬಳ್ಳಿಯಲ್ಲಿ ಕವಾಟ ಬಿಡಿಸುವ ಆಪರೇಷನ್ ಆಯಿತು. ಎದೆಯ ನಡುವೆ ಗೇಣುದ್ದದ ಗೆರೆ ಉಳಿಯಿತು. ಮನೆಗೆ ಬಂದ ಹತ್ತನೆಯ ದಿನ ಫಕ್ಕೀರವ್ವ ಚಾಪೆಯ ಮೇಲೆ ಅಡ್ಡಾಗಿ ನೋಡಿದಳು. ಎದೆಯ ಮೇಲೆ ಯಾರೂ ಚೀಲ ಇಡಲಿಲ್ಲ. ಹಗಲೆಲ್ಲ ನಿದ್ದೆ ಮಾಡಿದಳು. ಆರೂವರೆಯ ಪ್ರಶ್ನೆಗೆ ಈಗ ಅವಳು ಬಿಡಿಸಿಯೇ ಉತ್ತರ ಕೊಡುತ್ತಿದ್ದಳು. ಹೊಲಿಗೆ ಎಳೆಯುವುದು, ನಾಲಿಗೆಗೆ ರುಚಿ ಇಲ್ಲದಿರುವುದು, ಮಾತ್ರೆಯ ಉಷ್ಣ. ಶೇಖಪ್ಪ ಪಕ್ಕದಲ್ಲಿ ಕೂತು, ಮರೆತದ್ದನ್ನು ನೆನಪಿಸುತ್ತಿದ್ದ. ಗೋದಾಮಿನಲ್ಲಿ ಮೇಸ್ತ್ರಿಗೆ ಆರೂವರೆಗೆ ಹೆಂಗಸರನ್ನು ಮನೆಗೆ ಅಟ್ಟುವುದೇ ಕಷ್ಟವಾಗಿದೆ, ಒಬ್ಬೊಬ್ಬಳೂ ಫೋನಿಗೆ ಅರ್ಧ ಗಂಟೆ ಹೇಳುತ್ತಾಳೆ ಎಂದು ಮಾಬುಬಿ ಬಂದು ವರದಿ ಒಪ್ಪಿಸಿದ್ದಳು. ಅವಳ ಮುದುಕಿಗೂ ಸೊಂಟ ಹಿಡಿದು, ತಾನೇ ಮುಂದಾಗಿ ಎಕ್ಸ್‌ರೇಗೆ ದುಡ್ಡು ಬಿಟ್ಟಿದ್ದಳಂತೆ.

ಮೂರನೆಯ ತಿಂಗಳು ಒಂದು ಮಧ್ಯಾಹ್ನ ಫೋನು ತಾನಾಗಿ ಮಾತಾಡಿತು.

“ಮಂಡಿ ಭಾಳ ನೋಯತಾವ,” ಎಂದಿತು. ದಪ್ಪ ದನಿ, ಗೊರಗೊರ, ವಯಸ್ಸಾದದ್ದು. “ಕಣ್ಣಿಗೆ ಪೊರಿ ಬಂದೈತಿ. ರೊಟ್ಟಿ ಒಂದೂವರಿ ಆದ್ರ ಸಾಕಾಗತೈತಿ. ಎಡಗಿವಿ ಕೇಳಂಗಿಲ್ಲ, ಜೋರಾಗಿ ಮಾತಾಡು.”

ಫಕ್ಕೀರವ್ವ ಎದ್ದು ಕೂತಳು. “ಎಷ್ಟು ವಯಸ್ಸು ನಿನಗ?”

“ಅರವತ್ತೈದು ತುಂಬ್ಯಾವ. ಇನ್ನೂ ಹೇಳೂದೈತಿ, ಕೇಳು. ಬೆನ್ನು...”

ಮುದುಕಿ ಉಸಿರು ಬಿಡದೆ ದೂರುತ್ತಿದ್ದಳು. ಇಷ್ಟು ಸಿಡುಕಿನ ಮುದುಕಿಯನ್ನು ಫಕ್ಕೀರವ್ವ ಎಲ್ಲೂ ಕಂಡಿರಲಿಲ್ಲ. ಇಷ್ಟು ಪ್ರೀತಿಯೂ ಯಾರ ಮೇಲೂ ಬಂದಿರಲಿಲ್ಲ.

ಆ ಸಂತೋಷ ಸಂಜೆಯ ತನಕವೂ ಬಾಳಲಿಲ್ಲ. ನಾಲ್ಕು ಗಂಟೆಗೆ ಹುಬ್ಬಳ್ಳಿಯಿಂದ ತೇಜಸ್ವಿನಿಯ ಕರೆ ಬಂತು. ಕುಶಲ ಕೇಳಿದ ಮೇಲೆ ವಿಷಯಕ್ಕೆ ಬಂದಳು.

“ಅವ್ವಾರ, ನಿಮ್ಮ ಖಾತೆದಾಗ ಹಕ್ಕುದಾರ್‍ತಿ ಮತ್ತ ಬಂದಾಳಂತ ಇಲ್ಲೆ ತೋರಸಾಕತ್ತೈತಿ. ಖುಷಿ ಆತ್ರಿ. ಆದ್ರ ನಮ್ಮ ಮ್ಯಾಲಿನವರು ಒಂದು ಕಾಯ್ದೆ ತೋರಸಾಕತ್ತಾರ. ಹಕ್ಕುದಾರ್‍ತಿ ಇಲ್ಲ ಅಂತ ರೊಕ್ಕ ಬಿಟ್ಟಿದ್ದು, ಈಗ ಆಕಿ ಅದಾಳ. ಆಕಿ ರೊಕ್ಕ ತಿರುಗಿ ತುಂಬಬೇಕಂತ. ಕಂತಿನಾಗ ಆದ್ರೂ ನಡೀತೈತಂತ.”

ಶೇಖಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಫಕ್ಕೀರವ್ವನಿಗೆ ಸಿಟ್ಟು ಬಂತು. ಆದರೆ ಈ ಸಲ ಸಿಟ್ಟು ಬಂದರೂ ಉಸಿರು ಸಾಕಷ್ಟು ಇತ್ತು.

“ಅಲ್ರಿ ಮೇಡಂ, ಬದುಕಿದ್ದಕ್ಕ ದಂಡ ಹಾಕತೀರೇನು?”

“ನಾ ಅದನ್ನ ಹೇಳಿದ್ನಿರಿ. ಮುಂದ ಇನ್ನೂ ಭಾಳ ಮಂದಿಗೆ ಹಿಂಗ ಆಗತೈತಿ ಅಂತ, ಹೇಗಿದ್ದೀರಿ ಅಂತ ಕೇಳೂದನ್ನ ಬಿಟ್ಟು ಬರೇ ಕಿಲೋ ಕೇಳ್ರಿ ಅನ್ನಾಕತ್ತಾರ. ನಾ ಜಗಳಾಡಾಕತ್ತೀನಿ. ನಿಮ್ಮ ಖಾತೆದ್ದು ಮಾತ್ರ ಇವತ್ತ ಬರೀಬೇಕು. ಏನಂತ ಬರೀಲ್ರಿ?”

“ಆಕಿ ರೊಕ್ಕ ಅಂತೀರಲ್ಲ, ಆಕಿನ್ನ ಕೇಳ್ರಿ,” ಎಂದಳು ಫಕ್ಕೀರವ್ವ. ಮುದುಕಿಯ ಗುಂಡಿ ಒತ್ತಿ, ಎರಡೂ ಕರೆ ಒಂದು ಮಾಡಿದಳು. “ಏ ಮುದುಕಿ, ಹುಬ್ಬಳ್ಳಿ ಮೇಡಂ ಅದಾರ. ನಿನ್ನ ರೊಕ್ಕ ನಿನಗ ಮುಟ್ಟಿಲ್ಲಂತ, ನನ್ನ ಕಡೆ ಕೇಳಾಕತ್ತಾರ.”

“ಏನಂದಿ? ಎಡಗಿವಿ ಕೇಳಂಗಿಲ್ಲ ಅಂತ ಹೇಳೀನಿ.”

ಫಕ್ಕೀರವ್ವ ಇನ್ನೊಮ್ಮೆ ಜೋರಾಗಿ ಹೇಳಿದಳು. ಮೂವರೂ ಮುದುಕಿಯ ಉಸಿರು ಕೇಳಿಸಿಕೊಂಡರು. ಗೊರಗೊರ ಎನ್ನುತ್ತಿದ್ದರೂ ಅದು ಒಂದರ ಹಿಂದೆ ಒಂದು, ತಪ್ಪದೆ ಬರುತ್ತಿತ್ತು.

“ಬರ್ಕೊ ತಂಗಿ,” ಎಂದಳು ಮುದುಕಿ. “ರೊಕ್ಕ ನನಗ ಮುಟ್ಟೈತಿ.”

ಆ ಕಡೆಯಿಂದ ತೇಜಸ್ವಿನಿ ಕೀಲಿ ಒತ್ತುವ ಸಪ್ಪಳ ಕೇಳಿಸಿತು.